ನೀವು ಅವರಿಗೆ ಏನಾಗ್ಬೇಕು?

ಎಷ್ಟೋ ಅರ್ಜಿಗಳಲ್ಲಿ ‘ಸಂಬಂಧ’ ಎಂಬ ಒಂದು ಕಾಲಂ ಇರುತ್ತದೆ. ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಕುಟುಂಬಗಳ ಪರವಾಗಿ ದುಡಿಯುವ ಸಂಸ್ಥೆಯೊಂದರಲ್ಲಿ ಎರಡು ತಿಂಗಳು ತರಬೇತಿಗಿದ್ದೆ. ಬಂದವರ ಮಾತು ಕೇಳಿ ಟಿಪ್ಪಣಿ ಮಾಡುವುದು, ಅರ್ಜಿ ತುಂಬುವುದು ನನ್ನ ಕೆಲಸ. ಆ ಕಾಲಂ ಹತ್ತಿರ ಪೆನ್ನು ನಿಲ್ಲುತ್ತಿತ್ತು.

ಒಂದು ದಿನ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ದಲಿತ ಹೆಂಗಸೊಬ್ಬರು ಬಂದರು. ಒಂಬತ್ತು ವರ್ಷ ಜೊತೆಗೆ ಬಾಳಿದ ಸಂಗಾತಿಗೆ ಆಪರೇಷನ್ ಆಗಬೇಕಿತ್ತು. ಆಸ್ಪತ್ರೆಯಲ್ಲಿ ‘ನೀವು ಅವರಿಗೆ ಏನಾಗ್ಬೇಕು?’ ಎಂದು ಕೇಳಿದ್ದರು. ‘ಏನಂತ ಹೇಳ್ಲಿ? ಫ್ರೆಂಡು ಅಂದೆ. ಹೊರಗೆ ಕೂತ್ಕೊಳ್ಳಿ ಅಂದ್ರು.’ ಸಹಿ ಹಾಕಲು ಊರಿಂದ ಬಂದ ಅಣ್ಣ ತಂಗಿಯನ್ನು ಹಾಗೇ ಊರಿಗೆ ಕರೆದೊಯ್ದ. ‘ಹೆಂಗಸಿನ ಜೊತೆ ಇದ್ಲು ಅಂತ ಅಷ್ಟೇ ಅಲ್ಲ, ಕೇರಿಯೋಳ ಜೊತೆ ಉಂಡ್ಲು ಅಂತ.’

ಆ ಕೊನೆಯ ಮಾತನ್ನೂ ಬರೆದೆ. ಹಿರಿಯ ಸಹೋದ್ಯೋಗಿಯೊಬ್ಬರು ಒಳ್ಳೆಯ ಮನಸ್ಸಿನಿಂದಲೇ, ‘ಜಾತಿ ತಂದ್ರೆ ವಿಷಯ ಬೇರೆ ಕಡೆ ಹೋಗತ್ತೆ’ ಎಂದರು. ಕೇರಿಯಿಂದಲೇ ಬಂದ ನಾನು ಅದನ್ನು ಹೊಡೆದುಹಾಕಿದೆ. ಓದಿ ಹೇಳಿದಾಗ ಆಕೆ, ‘ಆ ಮಾತು ಬಿಟ್ಬಿಟ್ರಲ್ಲಾ’ ಅಂದರು. ಈ ಬರಹ ಆ ಬಿಟ್ಟ ಸಾಲಿನದು.

ಜಾತಿ ಎಂಬುದು ‘ಬೇರೆ ಕಡೆ’ ಇಲ್ಲ. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅಂಬೇಡ್ಕರ್, ಜಾತಿಯ ತಿರುಳಿರುವುದು ಜಾತಿಯೊಳಗೇ ಮದುವೆಯಾಗುವ ಕಟ್ಟಳೆಯಲ್ಲಿ ಎಂದು ತೋರಿಸಿದರು. ಯಾರು ಯಾರಿಗೆ ಏನಾಗಬಹುದು ಎಂಬುದನ್ನು ಗೊತ್ತುಮಾಡುವುದೇ ಜಾತಿಯ ಕಸುಬು. ವಧೂವರರನ್ನು ಹುಡುಕುವುದಕ್ಕೆ ನಾವು ‘ಸಂಬಂಧ ನೋಡೋದು’ ಅನ್ನುತ್ತೇವಲ್ಲ!

ಕಾನೂನನ್ನೂ ಈ ಕಣ್ಣಿನಿಂದ ಓದಬೇಕು. 2019ರ ಲಿಂಗತ್ವ ಅಲ್ಪಸಂಖ್ಯಾತರ ಕಾಯ್ದೆ, ಕುಟುಂಬವೆಂದರೆ ರಕ್ತ, ಮದುವೆ ಅಥವಾ ಕಾನೂನುಬದ್ಧ ದತ್ತುವಿನಿಂದ ಕೂಡಿದವರು ಎಂದಿತು. ಮನೆಯಿಂದ ಹೊರಬಿದ್ದವರಿಗೆ ಅನ್ನವಿಟ್ಟ ಹಿಜ್ರಾ ಗುರುವಿಗೆ ಅದರಲ್ಲಿ ಜಾಗವಿರಲಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರಿಯೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ. ಅಲ್ಲಿ ಕೆಲವು ಅರ್ಜಿದಾರರು 1954ರ ವಿಶೇಷ ವಿವಾಹ ಕಾಯ್ದೆಯ 30 ದಿನಗಳ ನೋಟಿಸನ್ನೂ ಪ್ರಶ್ನಿಸಿದ್ದರು. ಕಚೇರಿ ಗೋಡೆಗೆ ಹಚ್ಚುವ ಆ ನೋಟಿಸು ಜಾತಿ ಮೀರಿ ಮದುವೆಯಾಗುವವರ ಸುಳಿವನ್ನೂ ಮನೆಯವರಿಗೆ ಮುಟ್ಟಿಸುತ್ತದೆ. ಇಬ್ಬರ ಭಯವೂ ಒಂದೇ ಗೋಡೆಯದು.

ಬಾಗಿಲು ತೆರೆದದ್ದೂ ಉಂಟು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿಗಳಲ್ಲಿ, ಪರಿಶಿಷ್ಟರೂ ಸೇರಿ ಪ್ರತಿ ವರ್ಗದೊಳಗೇ, ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1 ಮೀಸಲಾತಿ ಕೊಟ್ಟಿತು. ಜಾತಿಯನ್ನೂ ಲಿಂಗತ್ವವನ್ನೂ ಒಂದೇ ಅರ್ಜಿಯಲ್ಲಿ ಬರೆಯಬಹುದೆಂದು ಒಪ್ಪಿದ ನಿಯಮ ಅದು. 2024ರಲ್ಲಿ ಕೇಂದ್ರವು ಇಂಥ ಸಂಗಾತಿಗಳನ್ನು ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಎಣಿಸುವಂತೆ ರಾಜ್ಯಗಳಿಗೆ ತಿಳಿಸಿತು. 2025ರ ಮೇ ತಿಂಗಳಲ್ಲಿ, ಹೆತ್ತವರು ಕೂಡಿಹಾಕಿದ್ದ ಯುವತಿಯನ್ನು ಬಿಡಿಸಿದ ಮದ್ರಾಸ್ ಹೈಕೋರ್ಟು, ‘ಆರಿಸಿಕೊಂಡ ಕುಟುಂಬ’ವೂ ಕುಟುಂಬವೇ ಎಂದಿತು. ಅಲ್ಲಿಯೂ ಅರ್ಜಿ ಹಾಕಿದ ಸಂಗಾತಿ ತನ್ನನ್ನು ಗೆಳತಿ ಎಂದಷ್ಟೇ ಕರೆದುಕೊಂಡಿದ್ದರು.

ಇನ್ನು ನಮ್ಮ ಮಾತು. ದಲಿತ ವಿಮರ್ಶೆ ಬಾವಿ, ಗುಡಿ, ಹೋಟೆಲುಗಳ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿದೆ. ಈಗ ಮನೆಯೊಳಕ್ಕೂ ಹೋಗಬೇಕು, ಕೇರಿಯ ಮನೆಯೊಳಕ್ಕೂ. ನಮ್ಮವರೂ ಮಕ್ಕಳನ್ನು ಹೊರಗೆ ಹಾಕುವುದುಂಟು. ಅದನ್ನು ಮುಚ್ಚಿಟ್ಟರೆ ನಾನು ಹೊಡೆದುಹಾಕಿದ ಸಾಲಿಗೆ ಇನ್ನೊಂದು ಸಾಲು ಸೇರುತ್ತದೆ.

ಆಕೆಯ ದೂರಿನಲ್ಲಿ ಸಂಬಂಧದ ಮುಂದೆ ‘ಮನೆಯವರು’ ಎಂದು ಬರೆದಿದ್ದೆ. ಠಾಣೆಯಲ್ಲಿ ತಗೊಳ್ಳಲಿಲ್ಲ. ‘ಬರ್ದಿದ್ದು ಮಾತ್ರ ಸರಿಯಾಗಿದೆ ಬಿಡಿ’ ಅಂದರು ಆಕೆ.