ಲಿಂಗತ್ವ ಅಲ್ಪಸಂಖ್ಯಾತರ ಮನೋವ್ಯಥೆ ಮತ್ತು ಉದ್ಯಮಿಗಳ ಹೊಣೆ

ವಾಣಿಜ್ಯ ಪತ್ರಿಕೆಯಲ್ಲಿ ಇಂತಹ ವಿಷಯವೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಖಿನ್ನತೆ ಹಾಗೂ ಆತ್ಮಹತ್ಯಾ ಯತ್ನಗಳು ಇತರರಿಗಿಂತ ಬಹಳ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಅವರ ಲಿಂಗತ್ವವೇ ಇದಕ್ಕೆ ಕಾರಣವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣದಲ್ಲಿ ಅದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟಿದೆ. ಮನೆಯವರ ತಿರಸ್ಕಾರ, ಅರ್ಧಕ್ಕೆ ನಿಂತ ಓದು, ಬೀದಿಯ ಅಪಮಾನ, ದೊರೆಯದ ಉದ್ಯೋಗ ಇವೆಲ್ಲ ಕೂಡಿ ಮನಸ್ಸನ್ನು ಕುಗ್ಗಿಸುತ್ತವೆ. ಇವುಗಳ ಪೈಕಿ ಉದ್ಯೋಗವು ನಮ್ಮ ಕೈಯಲ್ಲಿದೆ.

ಮಂಜಮ್ಮ ಜೋಗತಿಯವರು ಎಳೆಯ ಪ್ರಾಯದಲ್ಲಿ ತಾವು ಆತ್ಮಹತ್ಯೆಗೆ ಯತ್ನಿಸಿದ್ದನ್ನು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಜೋಗತಿ ನೃತ್ಯವನ್ನು ಕಲಿತು, ಕಾಳವ್ವ ಜೋಗತಿಯವರ ತಂಡವನ್ನು ಸೇರಿದ ಬಳಿಕ ಅವರ ಬದುಕಿಗೆ ನೆಲೆ ದೊರೆಯಿತು. ಮುಂದೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಕೈಗೊಂದು ಕಸುಬು, ಜೊತೆಗೆ ಗೌರವಿಸುವ ಜನ ದೊರೆತರೆ ಬದುಕು ಹೇಗೆ ತಿರುಗಬಲ್ಲದೆಂಬುದಕ್ಕೆ ಇದು ನಿದರ್ಶನ.

ಆದರೆ ಸಂಬಳವೊಂದೇ ಸಾಲದು. 2017ರಲ್ಲಿ ಕೇರಳದ ಕೊಚ್ಚಿ ಮೆಟ್ರೋ ಸಂಸ್ಥೆಯು ಈ ಸಮುದಾಯದ 23 ಮಂದಿಗೆ ಉದ್ಯೋಗ ನೀಡಿ ದೇಶದ ಗಮನ ಸೆಳೆಯಿತು. ಬಾಡಿಗೆಗೆ ಮನೆ ಸಿಗದೆ ಅವರಲ್ಲಿ ಕೆಲವರು ಕೆಲವೇ ವಾರಗಳಲ್ಲಿ ಕೆಲಸ ಬಿಡಬೇಕಾಯಿತು. ನಮ್ಮ ಸದಸ್ಯರಲ್ಲಿ ಅನೇಕರು ಬಾಡಿಗೆ ಕಟ್ಟಡಗಳ ಮಾಲೀಕರೂ ಆಗಿರುವುದರಿಂದ ಈ ಸಂಗತಿ ಗಮನಾರ್ಹ.

ಕಾನೂನಿನ ಹೊಣೆ

ತೃತೀಯ ಲಿಂಗಿ ವ್ಯಕ್ತಿಗಳ ಹಕ್ಕುಗಳ ಸಂರಕ್ಷಣೆಗಾಗಿ 2019ರಲ್ಲಿ ರೂಪುಗೊಂಡ ಕೇಂದ್ರ ಅಧಿನಿಯಮವು ಸರ್ಕಾರಿ ಕಚೇರಿಗಳಿಗೆ ಮಾತ್ರ ಸೀಮಿತವಲ್ಲ. ಖಾಸಗಿ ಕಂಪನಿ, ಪಾಲುದಾರಿಕೆ ಸಂಸ್ಥೆ, ಸಹಕಾರ ಸಂಘಗಳಿಗೂ ಅನ್ವಯಿಸುತ್ತದೆ. ಕಲಂ 9ರಂತೆ ನೇಮಕ, ಬಡ್ತಿ ಮೊದಲಾದ ವಿಷಯಗಳಲ್ಲಿ ತಾರತಮ್ಯ ನಿಷಿದ್ಧ. ಕಲಂ 11ರಂತೆ ಸಂಸ್ಥೆಯು ದೂರು ಅಧಿಕಾರಿಯೊಬ್ಬರನ್ನು ಗೊತ್ತುಪಡಿಸಬೇಕು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಅರ್ಜಿದಾರರ ಅರ್ಹತೆಯನ್ನಷ್ಟೇ ಪರಿಗಣಿಸುವುದು.
2. ಅವರು ಬಯಸುವ ಹೆಸರಿನಿಂದಲೇ ಗೌರವಪೂರ್ವಕವಾಗಿ ಕರೆಯುವುದು. ಸಹೋದ್ಯೋಗಿಗಳ ಕುಚೋದ್ಯವನ್ನು ಮೊದಲ ದಿನವೇ ತಡೆಯುವುದು.
3. ಸುರಕ್ಷಿತ ಶೌಚಾಲಯ ಒದಗಿಸುವುದು. ವಸತಿ ದೊರಕಿಸಲು ನೆರವಾಗುವುದು.
4. ನೌಕರರು ಮೌನವಾಗಿ ಕುಗ್ಗಿದಂತೆ ಕಂಡರೆ, ಜೀವನವೇ ಬೇಡವೆಂದರೆ, ಹಗುರವಾಗಿ ಪರಿಗಣಿಸದೆ ಕುಳಿತು ಮಾತನಾಡಿಸಿ ವೈದ್ಯರ ಬಳಿ ಕರೆದೊಯ್ಯುವುದು.

ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯಲ್ಲಿ (14416) ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಈ ಸಂಖ್ಯೆಯನ್ನು ಪ್ರತಿಯೊಬ್ಬ ಸದಸ್ಯರೂ ತಮ್ಮ ಅಂಗಡಿ, ಕಾರ್ಖಾನೆಗಳ ಸೂಚನಾ ಫಲಕದಲ್ಲಿ ಇಂದೇ ಪ್ರಕಟಿಸಬೇಕೆಂದು ವಿನಂತಿ.