ನಿಮಗಿದು ಗೊತ್ತೆ? ಕತ್ತಿ ಕೆಳಗಿಟ್ಟರೂ ಬಿಡದ ಹಳೆಯ ಲೋಕ

● ಭೂಗತ ಲೋಕ ಬಿಟ್ಟು ಸಂಸಾರಿಯಾಗಲು ಹೊರಟವನನ್ನು ಹಳೆಯ ಹಗೆಗಳು ಬೆನ್ನಟ್ಟುವ ಕಥೆ ಕನ್ನಡಕ್ಕೆ ಹೊಸತಲ್ಲ. 1995ರ ಮೇ 19ರಂದು ತೆರೆಕಂಡ ‘ಓಂ’ ಅದರ ಹೆಗ್ಗುರುತು. ಪುರೋಹಿತರ ಮಗ ಸತ್ಯ ರೌಡಿಯಾಗುತ್ತಾನೆ. ಹೊರಬರುವ ದಾರಿ ಮಾತ್ರ ಸುಲಭವಲ್ಲ.

● ಇದು ಉಪೇಂದ್ರ ನಿರ್ದೇಶನದ ಮೂರನೆಯ ಚಿತ್ರ. ‘ತರ್ಲೆ ನನ್ ಮಗ’, ‘ಶ್!’ ಮೊದಲಿನವು. ಬೆಂಗಳೂರಿನ ಭೂಗತ ಲೋಕದ ನಿಜವಾದ ವ್ಯಕ್ತಿಗಳೇ ಇದರಲ್ಲಿ ಕಾಣಿಸಿಕೊಂಡರು.

● ನಾಯಕ ಶಿವರಾಜ್‌ಕುಮಾರ್ ಹಾಗೂ ನಾಯಕಿ ಪ್ರೇಮಾ ಇಬ್ಬರಿಗೂ ರಾಜ್ಯ ಪ್ರಶಸ್ತಿ ಬಂತು. ಸಂಗೀತ ಹಂಸಲೇಖ ಅವರದು.

● ‘ಓಂ’ ತೆಲುಗಿನಲ್ಲಿ ‘ಓಂಕಾರಂ’ (1997), ಹಿಂದಿಯಲ್ಲಿ ‘ಅರ್ಜುನ್ ಪಂಡಿತ್’ (1999) ಆಯಿತು. ಕರ್ನಾಟಕದಲ್ಲಿ ನೂರಾರು ಬಾರಿ ಮರುಬಿಡುಗಡೆ ಕಂಡಿತು.

● ಅಪರಾಧ ಲೋಕದ ಚಿತ್ರಗಳ ವಿಷಯದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೂ ಒಂದು ಹೆಮ್ಮೆಯಿದೆ: ಕಾರುಗಳ್ಳರ ಕಥೆಯ ‘ಮಿಂಚಿನ ಓಟ’ (1980) ನಿರ್ದೇಶಿಸಿದ ಶಂಕರ್ ನಾಗ್ ನಮ್ಮ ಜಿಲ್ಲೆಯವರೇ. 1954ರ ನವೆಂಬರ್ 9ರಂದು ಅವರು ಹುಟ್ಟಿದ್ದು ಘಟ್ಟದ ಕೆಳಗಿನ ಹೊನ್ನಾವರ ತಾಲ್ಲೂಕಿನ ಮಲ್ಲಾಪುರದಲ್ಲಿ.

● ಇಂಥ ಚಿತ್ರಗಳು ಹೇಳುವ ಮಾತು ಒಂದೇ: ತಪ್ಪು ತಿದ್ದಿಕೊಂಡು ಬಂದವನಿಗೆ ಮನೆಯ ಬಾಗಿಲೂ ಊರಿನ ಮನಸ್ಸೂ ತೆರೆದಿರಬೇಕು.