ರೆಕ್ಕೆ ಬಲಿಯುವ ಹೊತ್ತು

ತಾಯಿಹಕ್ಕಿ ಮರಿಗೆ ಹಾರುವುದನ್ನು ಕಲಿಸುತ್ತದೆ ಎಂಬುದು ನಮ್ಮಲ್ಲಿ ಬಹುಜನರ ನಂಬಿಕೆ. ಆದರೆ ನಮ್ಮ ನುಡಿಯಲ್ಲಿ ಹಿಂದಿನಿಂದ ಬಂದ ಮಾತು ಬೇರೆ: ‘ರೆಕ್ಕೆ ಬಲಿಯಿತು’ ಎನ್ನುತ್ತೇವೆ. ಕಾಯಿ ಬಲಿಯುತ್ತದೆ, ಕಾಳು ಬಲಿಯುತ್ತದೆ, ಹಾಗೆಯೇ ರೆಕ್ಕೆಯೂ. ಬಲಿಯುವುದು ಪಾಠದಿಂದ ಆಗುವಂಥದಲ್ಲ, ಕಾಲದಿಂದ ಆಗುವಂಥದು. ಈ ಮಾತಿನ ಮರ್ಮವನ್ನು ಅರಿತರೆ, ಹಕ್ಕಿಯ ಸಂಸಾರವನ್ನು ಚಿತ್ರದಲ್ಲಿ ಹಿಡಿಯಬಯಸುವವರು ಎಲ್ಲಿ ನಿಲ್ಲಬೇಕು, ಎಷ್ಟು ಕಾಯಬೇಕು ಎಂಬುದೂ ತಿಳಿಯುತ್ತದೆ.

1939ರಲ್ಲಿ ಜರ್ಮನಿಯ ಗ್ರೋಮನ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಿ ನೋಡಿದ. ಕೆಲವು ಪಾರಿವಾಳದ ಮರಿಗಳನ್ನು ರೆಕ್ಕೆ ಬಡಿಯಲು ಆಸ್ಪದವಿಲ್ಲದ ಇಕ್ಕಟ್ಟಾದ ಕೊಳವೆಗಳಲ್ಲಿ ಬೆಳೆಸಿದ. ಅದೇ ವಯಸ್ಸಿನ ಬೇರೆ ಮರಿಗಳು ಬಯಲಲ್ಲಿ ಸ್ವೇಚ್ಛೆಯಾಗಿ ರೆಕ್ಕೆ ಬಡಿಯುತ್ತ ಬೆಳೆದುವು. ಪ್ರಾಯಕ್ಕೆ ಬಂದಾಗ ಎರಡು ಬಗೆಯವನ್ನೂ ಬಿಟ್ಟು ನೋಡಿದರೆ, ಹಾರಾಟದಲ್ಲಿ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ಹಾರುವ ಶಕ್ತಿ ಮೈಯೊಡನೆ ಬೆಳೆದು ಬರುತ್ತದೆ. ಅಭ್ಯಾಸದಿಂದ ಬರುವುದು ಅದರ ನಯ: ಗಾಳಿಯಲ್ಲಿ ತಿರುಗುವುದು, ಸಣ್ಣ ಕೊಂಬೆಯ ಮೇಲೆ ತಪ್ಪದೆ ಇಳಿಯುವುದು, ಬೇಟೆಯನ್ನು ಹಿಡಿಯುವುದು.

ಸವಣೂರೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕಲ್ಮಠದ ದೊಡ್ಡ ಹುಣಸೆ ಮರಗಳು. ಹೆಸರಿಗೆ ಹುಣಸೆಯಾದರೂ ಅವು ಆಫ್ರಿಕ ಮೂಲದ ಬೇರೊಂದು ಜಾತಿ. ಊರಿಗೆ ಹಳೆಯ ಮರಗಳು ಶೋಭೆಯಾದರೆ, ಹಕ್ಕಿಗಳಿಗೆ ಅವೇ ಮನೆ. ಸೀಮೆಯ ಯಾವುದೇ ಮುದಿ ಆಲ, ಬೇವು, ಮಾವಿನ ಪೊಟರೆಯಲ್ಲಿ ಹಾಲಕ್ಕಿ ಸಂಸಾರ ಹೂಡಬಹುದು. ಬುಡಬುಡಿಕೆಯವನು ಯಾವುದರ ಹೆಸರು ಹೇಳಿ ಶಕುನ ನುಡಿಯುತ್ತಾನೋ, ಅದೇ ಬಿಳಿ ಚುಕ್ಕೆಯ ಪುಟ್ಟ ಗೂಗೆ.

ಹಾಲಕ್ಕಿ ಸಾಮಾನ್ಯವಾಗಿ ಮೂರು ನಾಲ್ಕು ಬಿಳಿಯ ಮೊಟ್ಟೆಗಳನ್ನಿಡುತ್ತದೆ. ಮೊದಲ ಮೊಟ್ಟೆ ಇಟ್ಟಾಗಲೇ ಕಾವಿಗೆ ಕೂರುವುದರಿಂದ ಮರಿಗಳೆಲ್ಲ ಒಂದೇ ದಿನ ಹೊರಬರುವುದಿಲ್ಲ; ಒಂದೇ ಗೂಡಿನಲ್ಲಿ ಅಣ್ಣ ದೊಡ್ಡವನು, ತಮ್ಮ ಚಿಕ್ಕವನು. ಮೂರು ನಾಲ್ಕು ವಾರಗಳಲ್ಲಿ ಹಿರಿಯ ಮರಿ ಪೊಟರೆಯ ಬಾಯಿಗೆ ಬಂದು ಕೂರುತ್ತದೆ. ತಲೆಯನ್ನು ಮೇಲೆ ಕೆಳಗೆ ಆಡಿಸಿ ದೂರವನ್ನು ಅಳೆಯುತ್ತದೆ, ನಿಂತಲ್ಲೇ ರೆಕ್ಕೆ ಬಡಿಯುತ್ತದೆ. ತಾಯಿ ತಂದೆ ಗುಟುಕು ತಂದು ಕೊಂಬೆಯ ಮೇಲೆ ಕೂತು ಕರೆಯುವುದೂ ಉಂಟು. ಅದು ಪಾಠವಲ್ಲ, ಆಮಿಷ. ಒಳಗಿನ ಕಿರಿಯ ಮರಿಗೆ ಆಗ ಇನ್ನೂ ಗರಿ ಪೂರ್ತಿ ಬಂದಿರುವುದಿಲ್ಲ.

ಛಾಯಾಗ್ರಾಹಕನು ಎಡವುವುದು ಇಲ್ಲಿಯೇ. ಅವನು ತೀರ ಹತ್ತಿರ ಬಂದರೆ ಹೆದರಿದ ಮರಿಗಳು ಬಲಿಯದ ರೆಕ್ಕೆಯಿಂದಲೇ ಹೊರಕ್ಕೆ ಧುಮುಕುತ್ತವೆ. ನೆಲಕ್ಕೆ ಬಿದ್ದದ್ದು ಬೆಕ್ಕು ನಾಯಿಗಳ ಪಾಲು. ಚಿತ್ರ ಚೆನ್ನಾಗಿ ಬರಲೆಂದು ಅಡ್ಡಬಂದ ಎಲೆಗೊಂಬೆಗಳನ್ನು ಕಡಿದರೆ ಕಾಗೆಗೂ ಬಿಸಿಲಿಗೂ ಗೂಡಿನ ದಾರಿ ತೋರಿಸಿದಂತೆ. ಮನುಷ್ಯ ನಿಂತಷ್ಟು ಹೊತ್ತು ತಾಯಿ ಗುಟುಕು ತಾರದೆ ದೂರವೇ ಉಳಿಯುತ್ತದೆ. ಆ ಹಸಿವು ನಮ್ಮ ಚಿತ್ರದಲ್ಲಿ ಕಾಣುವುದಿಲ್ಲ.

ಈ ಕಲೆಯ ಹಿರಿಯರು ಮರೆಯ ಮಹತ್ವವನ್ನು ಬಲ್ಲವರಾಗಿದ್ದರು. ಇಂಗ್ಲೆಂಡಿನ ಕಿಯರ್ಟನ್ ಸಹೋದರರು 1900ರ ಸುಮಾರಿಗೆ ಎತ್ತಿನ ಚರ್ಮದಿಂದ ಟೊಳ್ಳು ಎತ್ತೊಂದನ್ನು ಮಾಡಿಸಿ, ಅದರೊಳಗೆ ಅಡಗಿ ಹಕ್ಕಿಗಳ ಚಿತ್ರ ತೆಗೆದರು. ಅದೇ ದೇಶದ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಗೆಯ ಗೂಡಿನ ಬಳಿ ಕಟ್ಟಿದ್ದ ಮರೆಗೆ ರಾತ್ರಿ ಹೋದಾಗ, ಮರಿಗಳನ್ನು ಕಾಯುತ್ತಿದ್ದ ಹಕ್ಕಿ ಎರಗಿ ಅವರ ಎಡಗಣ್ಣು ಹೋಯಿತು. ನಮ್ಮ ನಾಡಿನಲ್ಲಿ ಸಂಡೂರಿನ ಎಂ. ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಮುಂತಾದವರು ಈ ಹವ್ಯಾಸಕ್ಕೆ ಗೌರವ ತಂದರು.

ಮರೆಯನ್ನು ಒಮ್ಮೆಗೇ ಗೂಡಿನ ಎದುರು ನಿಲ್ಲಿಸಕೂಡದು. ದೂರದಲ್ಲಿ ನಿಲ್ಲಿಸಿ, ಹಕ್ಕಿ ಅದಕ್ಕೆ ಒಗ್ಗಿದ ಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸರಿಸಬೇಕು. ಹಕ್ಕಿ ಗುಟುಕು ತರುವುದನ್ನು ನಿಲ್ಲಿಸಿದರೆ ಕೂಡಲೇ ಹಿಂದೆಗೆಯಬೇಕು. ದೂರದರ್ಶಕ ಲೆನ್ಸ್ ಇದ್ದರೆ ಗೂಡಿನ ಬಳಿ ಸುಳಿಯುವ ಪ್ರಮೇಯವೇ ಇಲ್ಲ. ರೆಕ್ಕೆಯ ಬಡಿತ ಮಸುಕಾಗದಿರಲು ಸೆಕೆಂಡಿನ ಸಾವಿರದಲ್ಲೊಂದು ಭಾಗ ಅಥವಾ ಅದಕ್ಕೂ ಕಡಿಮೆ ಅವಧಿ ಸಾಕು. ಅದಕ್ಕೆ ಬೆಳಗಿನ ಬೆಳಕು ಒದಗುತ್ತದೆ. ಇರುಳಿನಲ್ಲಿ ಫ್ಲಾಶ್ ಬೆಳಗಿಸುವುದೂ, ಮುದ್ರಿಸಿದ ಕೂಗನ್ನು ನುಡಿಸಿ ಕರೆಯುವುದೂ ಸಲ್ಲದು.

ಕಾನೂನೂ ಇದನ್ನು ಲಘುವಾಗಿ ಎಣಿಸಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥವಿವರಣೆಯೊಳಗೆ ಕಾಡುಹಕ್ಕಿಯ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದು ಸೇರಿದೆ. ಬಂದೂಕವಿಲ್ಲದೆಯೂ ಬೇಟೆಗಾರನಾಗಬಹುದೆಂದು ಇದರ ತಾತ್ಪರ್ಯ. ತೆಗೆದ ಚಿತ್ರವನ್ನು ಮೊಬೈಲಿನಲ್ಲಿ ಹತ್ತು ಜನರಿಗೆ ಕಳಿಸುವಾಗ ಗೂಡಿರುವ ಜಾಗವನ್ನು ಹೇಳದಿರುವುದು ಮೇಲು. ದೀಪಾವಳಿಯ ಸುಮಾರಿಗೆ ಮಾಟಮಂತ್ರಗಳ ನೆಪದಲ್ಲಿ ಗೂಗೆಗಳನ್ನು ಹಿಡಿದು ಮಾರುವವರು ನಮ್ಮ ದೇಶದಲ್ಲಿ ಇನ್ನೂ ಇದ್ದಾರೆ.

ಕೊನೆಯದಾಗಿ, ಕ್ಯಾಮರಾ ಇಲ್ಲದವರಿಗೂ ಸಲ್ಲುವ ಮಾತೊಂದು. ಹೊಸದಾಗಿ ಗೂಡು ಬಿಟ್ಟ ಮರಿ ಅಂಗಳದಲ್ಲಿ ಕೂತಿದ್ದರೆ ಅದನ್ನು ಅನಾಥವೆಂದು ತಿಳಿದು ಒಳಗೆ ತಂದು ಹಾಲು ಅನ್ನ ಉಣ್ಣಿಸಬೇಡಿರಿ. ತಾಯಿ ತಂದೆ ಸಮೀಪದಲ್ಲೇ ಇದ್ದಾವು. ಗೂಡು ಬಿಟ್ಟ ಮೇಲೂ ಕೆಲವು ವಾರ ಅವು ಮರಿಗೆ ಗುಟುಕು ಕೊಡುತ್ತವೆ. ಬೆಕ್ಕಿನ ಭಯವಿದ್ದರೆ ಮರಿಯನ್ನು ಮೆಲ್ಲನೆ ಎತ್ತಿ ಹತ್ತಿರದ ಕೊಂಬೆಯ ಮೇಲೆ ಕೂರಿಸಿ ದೂರ ಸರಿಯಿರಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬ ಮಾತು ನಿಜವಲ್ಲ. ಮಕ್ಕಳನ್ನೂ ನಾಯಿಯನ್ನೂ ಸ್ವಲ್ಪ ಹೊತ್ತು ಒಳಗಿಟ್ಟುಕೊಂಡು ಕಿಟಕಿಯಿಂದ ನೋಡುತ್ತಿದ್ದರೆ, ಮುಸ್ಸಂಜೆಗೆ ತಾಯಿ ಗುಟುಕು ತರುವುದನ್ನು ನೀವೇ ಕಾಣುವಿರಿ.